ಕಂಬಳಿಯ ನಾಲ್ಕನೇ ಮೂಲೆ

…ಇಲ್ಲವ್ವಾ, ಹಗ್ಗಾನೇ ಹಳೇದಿತ್ತು! ಎಷ್ಟ ಸಲ ಹೇಳ್ಲಿ? ಹುಮನಾಬಾದದ ಪಾದ್ರಿಯವ್ರಿಗೂ ಹೇಳೇನಿ, ನಮ್ಮ ಘಾಟಬೋರಾಳದ ಪೊಲೀಸ್ ಪಾಟೀಲರಿಗೂ ಹೇಳೇನಿ. ಬಾವಿ ಹಗ್ಗ, ಜಾರ್ತು. ಆತಲ್ಲ? ತಗೋ, ಬಾಯಿ ತೆರಿ, ಅಂಬಲಿ ಆರಾಕತ್ತದ… ಮೀರಾ, ಒಂದ ಗುಟುಕರೆ ಕುಡಿ. ನೀ ಬಿದ್ದು ಮೂರು ದಿನ ಆತು. ನಿಮ್ಮವ್ವನ ಕೂಡ ಮಾತಾಡ್ತಿ, ಅಪ್ಪನ ಕೂಡ ಒಂದ ಮಾತಿಲ್ಲ. ಯಾಕವ್ವಾ?

ಯಾಕ ನಗ್ತಿ? ನಗು, ನಗು. ಊರೇ ನಗಾಕತ್ತದ. "ಪ್ರಾರ್ಥನಾ ಮನಿ ಬಾಗಲಾ ತೆರದೇ ಇತ್ತಲ್ಲೋ ಅಂಬಾದಾಸ, ಮಾಳಗಿ ಯಾಕ ಏರಿದಿ?" ಅಂತಾರ. ನನಗೇನ ಗೊತ್ತು! ಪಾದ್ರಿಯವ್ರೇ ಓದಿದ್ರಲ್ಲ… ನಡೀಲಾಕ ಬಾರದವನ್ನ ನಾಲ್ಕು ಮಂದಿ ಮಾಳಗಿ ಕಿತ್ತಿ ಯೇಸುಸ್ವಾಮಿ ಮುಂದ ಇಳಿಸಿದ್ರು, ಅಂವ ಎದ್ದು ಹಾಸಿಗಿ ಹೊತ್ತು ಮನಿಗೆ ಹೋದ ಅಂತ! ಕಲ್ಯಾಣದ ಹಕೀಮರಾತು, ಬೀದರ ದವಾಖಾನಿ ಆತು, ನಿನ್ನ ಕಾಲಿಗೆ ಜೀವ ಬರಲಿಲ್ಲ. ಹನ್ನೊಂದು ವರ್ಷ ನಿನ್ನ ಬಾಗಲದಿಂದಾನೇ ಪ್ರಾರ್ಥನಾಕ ಒಯ್ದೇನಿ, ಅದಕ್ಕೇ ಸ್ವಾಮಿಗೆ ಕಂಡಿಲ್ಲ, ಮ್ಯಾಲಿಂದ ಇಳಸೂದೇ ಪದ್ಧತಿ ಅಂದ್ಕೊಂಡೆ. ಹುಚ್ಚ ನಾ!

ನಾವೂ ನಾಲ್ಕು ಮಂದಿ ಕೂಡಿದ್ವಿ. ನಾ, ನಮ್ಮ ತಮ್ಮ ತುಳಜಾರಾಮ, ಮಗ್ಗಲ ಮನಿ ಮಚ್ಚೇಂದ್ರ… ಮತ್ತ ಮಹೆಬೂಬ. ಅಂವ ನಮ್ಮ ಪ್ರಾರ್ಥನಾಕ ಬರಾಂವಲ್ಲ, ಆದ್ರೂ ಬಂದ. "ಪೋರಿಗೆ ಕಾಲ ಬರ್ತಾವಂದ್ರ ನಂದೂ ಒಂದ ಕೈ ಇರ್ಲಿ ಭಾಯಿ" ಅಂದ. ಬೆಳಕಿಂಡಿ ಅಗಲ ಮಾಡಿದ್ವಿ. ಕಂಬಳಿ ನಾಲ್ಕೂ ಮೂಲಿಗೆ ಹಗ್ಗ ಕಟ್ಟಿದ್ವಿ. ಕೆಳಗ ಮಂದಿ ಹಾಡಾಕತ್ತಿದ್ರು, ನೀ ನಡುವ ಕುಂತು ನನ್ನೇ ನೋಡಾಕತ್ತಿದ್ದಿ… ಅಷ್ಟ್ರಾಗ ಮಹೆಬೂಬನ ಕಡಿ ಹಗ್ಗ ಜಾರ್ತು.

ಏನ ತಲಿ ಅಲ್ಲಾಡಸ್ತಿ? ಅಂವ ಬಂದಿದ್ದನೇನು? ಅಂಗೈ ತೋರಿಸಿದ್ನಾ? …ಹೌದು, ಖರೆ, ಸುಲದಾವ. ಒಮ್ಮೆಲೇ ನಿನ್ನ ಭಾರ ಬಿದ್ದು ಮೂರೂ ಮಂದಿ ಅಂಗೈ ತೊಗಲು ಕಿತ್ತಾವ. ಹಗ್ಗ ಸರದ್ರೂ ಅವ್ರು ಬಿಡಲಿಲ್ಲ, ಕಂಬಳಿ ನೆಲದ ಹತ್ರ ಬಂತು. ಅದಕ್ಕೇ ನೀ ಮೊಳದೆತ್ತರದಿಂದ ಬಿದ್ದಿ, ಬರೇ ಹಣಿ ಒಡೀತು, ಜೀವ ಉಳೀತು.

ನನ್ನ ಕೈ ಯಾಕ ನೋಡ್ತಿ? ಬಿಡು, ಅಂಬಲಿ ಚೆಲ್ತದ… ಬಿಡಂದ್ನಲ್ಲ!

…ನೋಡು. ಏನಿಲ್ಲ. ಒಂದ ಗೆರಿ ಸೈತ ಇಲ್ಲ.

ಜಾರಲಿಲ್ಲ ಮೀರಾ. ಬಿಟ್ಟೆ. ನಾನೇ ಬಿಟ್ಟೆ. ಸ್ವಾಮಿ ಹಿಡೀತಾನಂತ ನಂಬಿ ಬಿಟ್ಟೆ ಅಂತ ಹೇಳಾಂವಿದ್ದೆ… ಅದೂ ಝೂಟ. ದಣದಿದ್ದೆ ನಮ್ಮವ್ವಾ. ಬೈಲಕಡಿಗೆ ಹೊತ್ತು, ಹೊಲಕ ಹೊತ್ತು… ನಾ ಸತ್ತ ಮ್ಯಾಲ ಇಕೀನ್ನ ಯಾರು ಹೊರಾವ್ರು ಅಂತ ಅಂಜಿ ಅಂಜಿ ದಣದಿದ್ದೆ. ಆ ಒಂದ ಗಳಿಗಿ, ಹೋದ್ರ ಹೋಗ್ಲಿ ಅನಿಸ್ತು. ಹೆತ್ತವ್ರಿಗೆ ಹೆಗ್ಗಣ ಮುದ್ದು ಅಂತಾರ, ಹಡದಪ್ಪಗ ಇಂಥಾ ಮನಸ! ಅದೂ ಸ್ವಾಮಿ ಹಾಡು ಕೇಳ್ಕೋತ! ಈ ಪಾಪಕ್ಕ ಮಾಫಿ ಅದ ಏನು, ಮೀರಾ? ಬೈ ನನಗ. ಉಗುಳು. ನೀ ಅಂದ್ರ ಈಗೇ ಹೋಗಿ ಪಾಟೀಲರ ಮುಂದ ಖರೆ ಹೇಳ್ತೇನಿ…

ಏನದು? ಎರಡೂ ಕೈ ಯಾಕ ಚಾಚಾಕತ್ತಿ? …ಎತ್ಕೋ ಅಂತೀಯಾ? ದಿನಾ ಎತ್ಕೊಂಡಂಗ?

ಈ ಕೈಲೆ?