ಕೊಡದ ಮಗ್ಗಲಿನ ತಗ್ಗು

ಬರ್ರಿ, ಹತ್ರ ಕುಂದರ್ರಿ. ಎಲಿ ಅಡಿಕಿ ಆಮ್ಯಾಲೆ ಹಾಕ್ಕೊಳ್ಳೀರಂತ, ಬಾಯಿ ತುಂಬಿದ್ರ ಹೂಂ ಅನ್ನಾಕ ಬರೂದಿಲ್ಲ. ಹೂಂ ಅನ್ನವರು ಇಲ್ಲಂದ್ರ ನನ್ನ ಕಥಿ ಇದ್ದಲ್ಲೇ ಕುಂತುಬಿಡತೈತಿ.

ಯಾವ ಕಾಲ ಅಂತ ಕೇಳಬ್ಯಾಡ್ರಿ. ಎಲ್ಲಾರ ಮನಿ ಮೂಲ್ಯಾಗೂ ಮಣ್ಣಿನ ಕೊಡ ತಣ್ಣಗ ಕುಂತಿದ್ದ ಕಾಲ. ಯಾವ ಊರು ಅಂತನೂ ಕೇಳಬ್ಯಾಡ್ರಿ, ಬಾವಿ ಇದ್ದ ಊರು. ಆ ಊರಾಗ ತಿರಕಪ್ಪ ಅಂತ ಒಬ್ಬ ಕುಂಬಾರ. ಅವನ ಹೇಂತಿ ಸಾವಂತ್ರವ್ವ. ಒಬ್ಬಾಕಿ ಮಗಳು, ನೀಲವ್ವ.

ತಿರಕಪ್ಪ ತಿಗರಿ ಮುಂದ ಕುಂತಾಗ ನೋಡಬೇಕಿತ್ರಿ. ಹಸಿ ಮಣ್ಣಿನ ಮುದ್ದಿ ನಡುವ ಇಟ್ಟು, ಕೋಲು ಹಾಕಿ ತಿಗರಿ ಬೀಸಿ, ಎರಡೂ ಕೈ ಹಚ್ಚಿದ್ರ ಸಾಕು, ಕೊಡ ತಾನ ಎದ್ದು ನಿಲ್ಲೂದು. ಎಂಥಾ ಗುಂಡು ಅಂತೀರಿ! ಯಾವ ಕಡಿಂದ ನೋಡಿದ್ರೂ ಹುಣ್ಣಿವಿ ಚಂದ್ರ. ಅಂವಗೂ ಅದರ ಸೊಕ್ಕು ಭಾಳ ಇತ್ತು.

ಆದ್ರ ತಿಗರಿಯಿಂದ ಇಳಿದ ಕೊಡ ದಪ್ಪ ಇರತೈತಿ. ಒಂಚೂರು ಆರಿದ ಮ್ಯಾಲೆ ತೊಡಿ ಮ್ಯಾಲೆ ಇಟ್ಕೊಂಡು, ಎಡಗೈಯಾಗ ನುಣ್ಣನ ಕಲ್ಲು ಹಿಡಿದು ಒಳಗ ಹಾಕಿ, ಬಲಗೈಯಿಂದ ಹೊರಗ ಹಲಗಿಲೆ ತಟ್ಟಬೇಕು. ಹಂಗ ತಟ್ಟಿ ತಟ್ಟಿ ತೆಳುವು ಮಾಡಬೇಕು. ಆ ಕೆಲಸ ಸಾವಂತ್ರವ್ವಂದು. ಟಪ್ ಟಪ್ ಟಪ್. ಆ ಸಪ್ಪಳ ಕೇಳಿದ್ರ ಓಣಿಯವರಿಗೆ ಹೊತ್ತು ಇಳೀತು ಅಂತ ಗೊತ್ತಾಗತಿತ್ತು. ಈಗ ಯಾವ ಓಣ್ಯಾಗ ಐತ್ರಿ ಆ ಸಪ್ಪಳ?

ಆಕಿದೊಂದು ಚಾಳಿ. ಎಲ್ಲಾ ತಟ್ಟಿ ಮುಗಿಸಿ, ಕೊನಿಗೆ ಒಂದು ಮಗ್ಗಲಿಗೆ ಅಂಗೈ ಒತ್ತಿ ಸಣ್ಣ ತಗ್ಗು ಮಾಡತಿದ್ದಳು. ಕಣ್ಣಿಗೆ ಬೀಳಂಗಿಲ್ಲ, ಕೈಗೆ ಸಿಗತೈತಿ, ಅಷ್ಟ. ತಿರಕಪ್ಪನ ಕೈಗೆ ಸಿಗದ ಇರತೈತೇನು? ಮಂದಿ ಮುಂದನ ಬೈತಿದ್ದ, ನನ್ನ ಗುಂಡು ಕೆಡಿಸಿದಿ ಅಂತ. ಆಕಿ ನಕ್ಕು, ಮುಂದಿನ ಕೊಡ ತೊಡಿ ಮ್ಯಾಲೆ ಎಳಕೊಂತಿದ್ದಳು.

ಹಿಂಗಿರಬೇಕಾದ್ರ ಒಂದು ಮಳಿಗಾಲದಾಗ ಸಾವಂತ್ರವ್ವಗ ಜ್ವರ ಬಂತು. ಮೂರು ದಿನ ಮಲಗಿದಳು, ನಾಕನೇ ದಿನ ಇಲ್ಲ. ಹಲಗಿ ಗೂಟಕ್ಕ ಹೋತು.

ವರ್ಷ ತುಂಬೂದರಾಗ ನೀಲವ್ವಗ ಮದುವಿ ಗೊತ್ತಾತು. ಆ ಸೀಮಿಯೊಳಗ ಒಂದು ಪದ್ಧತಿ ಇತ್ತು, ಕೇಳ್ರಿ. ಮದುವಿ ಮರುದಿನ ಸೊಸಿ ತವರಿನ ಹೊಸ ಕೊಡ ಟೊಂಕದ ಮ್ಯಾಲೆ ಇಟ್ಕೊಂಡು, ಗಂಡನ ಊರಿನ ಬಾವಿಯಿಂದ ಮೊದಲನೇ ನೀರು ತರಬೇಕು. ಹೊಸ್ತಿಲ ದಾಟೂತನಕ ಒಂದು ಹನಿ ಚೆಲ್ಲಬಾರದು. ಹಳೇ ಕೊಡ ನಡಿಯಂಗಿಲ್ಲ. ಅದರಾಗೂ ಈಕಿ ಕುಂಬಾರನ ಮಗಳು. ಈಕಿ ಕೊಡನ ಚೆಲ್ಲಿದ್ರ ಬೀಗರೂರಾಗ ತಲಿ ಎತ್ತೂದು ಹೆಂಗ?

ತಿರಕಪ್ಪ ಮೀಸಿ ಮ್ಯಾಲೆ ಕೈಯಾಡಿಸಿದ. ಒಂದು ಕೊಡ ಮಾಡಿದ. ಬ್ಯಾರೆ ಹಲಗಿ ತಗೊಂಡು ತಾನ ತಟ್ಟಿದ, ತಾನ ಸುಟ್ಟ. ಗುಂಡಂದ್ರ ಗುಂಡು. ಹೊತ್ತು ನೋಡು ಅಂತ ಮಗಳ ಕೈಗೆ ಕೊಟ್ಟ. ನೀಲವ್ವ ಬಾವಿಗೆ ಹೋದಳು, ತುಂಬಿದಳು, ಹೊತ್ತಳು. ಅರ್ಧ ದಾರಿಗೆ ಅರ್ಧ ನೀರು.

ನಿನ್ನ ನಡಿಗಿ ಸುಮಾರ ಐತಿ ಅಂದ ತಿರಕಪ್ಪ. ಇನ್ನೊಂದು ಮಾಡಿದ, ಬಾಯಿ ಸಣ್ಣದು ಮಾಡಿದ. ನೀಲವ್ವ ಬಾವಿಗೆ ಹೋದಳು, ತುಂಬಿದಳು, ಹೊತ್ತಳು. ಅರ್ಧ ದಾರಿಗೆ ಅರ್ಧ ನೀರು.

ಮಣ್ಣು ಸರಿ ಹದ ಬಂದಿದ್ದಿಲ್ಲ ಅಂದ. ಕೆರಿಯಿಂದ ಹೊಸ ಮಣ್ಣು ತಂದ, ಸೋಸಿದ, ತುಳಿದ, ಮೂರನೇದ್ದು ಮಾಡಿದ. ಮೊದಲಿನ ಎರಡಕ್ಕಿಂತ ಗುಂಡು. ಅದನ್ನ ಹೊತ್ಕೊಂಡು ಬಂದ ನೀಲವ್ವನ ಸೀರಿ ಮೊಣಕಾಲತನಕ ತೊಯ್ದಿತ್ತು. ಮದುವಿಗೆ ಒಂಬತ್ತು ದಿನ ಉಳಿದಿತ್ತು. ಹುಡುಗಿ ಕಣ್ಣಾಗೂ ನೀರು.

"ಅವ್ವನ ಕೊಡ ನಿಲ್ಲತಿತ್ತು, ಇದು ಜಾರತೈತಿ," ಅಂದಳು. "ಯಪ್ಪಾ, ನೀ ಹುಟ್ಟಿದಾಗಿಂದ ಒಮ್ಮೆರ ಕೊಡ ಹೊತ್ತೀಯೇನು?"

ಸಾವಿರಾರು ಕೊಡ ಮಾಡಿದ ಮನಿಷಾ, ಒಂದು ಕೊಡ ನೀರು ತಂದಿದ್ದಿಲ್ಲ. ಅದು ಹೆಣ್ಣಮಕ್ಕಳ ಕೆಲಸ ಅಂತ ಬಿಟ್ಟಿದ್ದ.

ತಿರಕಪ್ಪ ಆ ಕೊಡ ತಗೊಂಡು ಬಾವಿಗೆ ನಡದ. ಹೆಣ್ಣಮಕ್ಕಳೆಲ್ಲಾ ಸೆರಗು ಬಾಯಿಗೆ ಹಿಡಕೊಂಡು ನಕ್ಕರು. ನಗ್ಲಿ ಬಿಡ್ರಿ, ನಗುವಂಥಾದ್ದ ಇತ್ತು. ಕೊಡ ತುಂಬಿ ಟೊಂಕಕ್ಕ ಏರಿಸಿದ. ಹತ್ತು ಹೆಜ್ಜಿ ಇಟ್ಟಿರಲಿಲ್ಲ, ಕೊಡ ಹೊರಳಾಕ ಹತ್ತಿತು. ಗುಂಡಗಿದ್ದ ವಸ್ತು ನಿಲ್ಲಬೇಕಂದ್ರ ಎಲ್ಲಿ ನಿಲ್ಲಬೇಕು? ಧೋತರ ಎಲ್ಲಾ ತೊಯ್ತು.

ಬಾವಿಕಟ್ಟಿ ಮ್ಯಾಲೆ ಕಾಳವ್ವ ಅನ್ನೋ ಮುದುಕಿ ಕುಂತಿದ್ದಳು. ಆಕಿ ನಗಲಿಲ್ಲ. ತನ್ನ ಹಳೇ ಕೊಡ ಮುಂದ ಸರಿಸಿ, ಇದನ್ನ ಹೊತ್ತು ನೋಡು ಅಂದಳು. ತಿರಕಪ್ಪ ಹೊತ್ತ. ಕೊಡ ಟೊಂಕಕ್ಕ ಬಂದು ಕೂಸಿನಂಗ ಕುಂತಿತು. ಹತ್ತು ಹೆಜ್ಜಿ ನಡದ, ಇಪ್ಪತ್ತು ನಡದ, ಹನಿ ಬೀಳಲಿಲ್ಲ. ಕೆಳಗ ಇಳಿಸಿ ಮಗ್ಗಲು ಮುಟ್ಟಿ ನೋಡಿದ. ತಗ್ಗು.

ನೀರು ಚೆಲ್ಲಿ ಒಳಗ ಕೈ ಹಾಕಿದ. ಕಂಠದ ಕೆಳಗ, ಒಳಮಗ್ಗಲಿಗೆ, ಸಣ್ಣ ಸಣ್ಣ ಗೆರಿ ಬೆರಳಿಗೆ ಸಿಕ್ಕವು. ಕಲ್ಲು ಹಿಡಿದ ಕೈ ಒಳಗ ಆಡುವಾಗ ಸಾವಂತ್ರವ್ವನ ಗಾಜಿನ ಬಳಿಗಳು ಹಸಿಮಣ್ಣಿಗೆ ತಿಕ್ಕಿದ ಗೆರಿ ಅವು. ಸುಟ್ಟು ಗಟ್ಟಿಯಾಗಿ ಹಂಗ ಉಳದಿದ್ದವು. ತಿರಕಪ್ಪ ಕೈ ಹೊರಗ ತೆಗೀಲಿಲ್ಲ. ಊರ ಮಂದಿ ಮುಂದ, ಬಾವಿಕಟ್ಟಿಗೆ ಕುಂತು, ಕೊಡದಾಗ ಕೈ ಇಟ್ಕೊಂಡ ಅತ್ತ. ಈಗ ಯಾರೂ ನಗಲಿಲ್ಲ.

ಮನಿಗೆ ಬಂದು ನಾಕನೇ ಕೊಡ ತಿರುಗಿಸಿದ. ಆರಿದ ಮ್ಯಾಲೆ ಗೂಟದ ಹಲಗಿ ತೆಗದು ಮಗಳ ಕೈಯಾಗ ಕೊಟ್ಟ. ಹೇಂತಿಗೆ ಒಂದು ದಿನಾನೂ ಕೇಳದ ಮಾತು ಮಗಳಿಗೆ ಕೇಳಿದ.

"ನಿನ್ನ ಟೊಂಕಕ್ಕ ಎಲ್ಲಿ ತಗ್ಗು ಬೇಕವ್ವಾ?"

ನೀಲವ್ವ ಮದುವಿಗೆ ಇಡಿಸ್ಕೊಂಡ ಹಸರು ಬಳಿಗಳ ಕೈಯನ್ನ ಕೊಡದೊಳಗ ಹಾಕಿದಳು. ಟಪ್ ಟಪ್ ಟಪ್. ಓಣ್ಯಾಗಿನ ಮಂದಿ ಕೈಯಾಗಿನ ಕೆಲಸ ಬಿಟ್ಟು ಕೇಳಿದರು. ಕೊನಿಗೆ ಅಂಗೈ ಇಟ್ಟು ಮೆತ್ತಗ ಒತ್ತಿದಳು.

ಮದುವಿ ಆತು. ಮರುದಿನ ಗಂಡನ ಊರಾಗ ನೀಲವ್ವ ಬಾವಿಗೆ ಹೋದಳು, ತುಂಬಿದಳು, ಹೊತ್ತಳು. ಅರ್ಧ ದಾರಿ ಬಂತು, ಓಣಿ ಬಂತು, ಹೊಸ್ತಿಲ ಬಂತು. ಒಂದು ಹನಿ ಬಿದ್ದಿದ್ರ ಕೇಳ್ರಿ. ಬೀಗರು ಕೊಡ ತಿರುಗಿಸಿ ತಿರುಗಿಸಿ ನೋಡಿ, ಏನು ಕೈ ತಿರಕಪ್ಪಾ ನಿಂದು ಅಂದರು. ಆಮ್ಯಾಲೆ ಒಬ್ಬ ಬೀಗನ ಕೈ ಮಗ್ಗಲಿಗೆ ಹತ್ತಿತು. ಇಲ್ಲೊಂಚೂರು ಗುಂಡು ಕೆಟ್ಟೈತಿ ನೋಡು ಅಂದ.

"ಕೆಟ್ಟಿಲ್ಲ ಬೀಗರ," ಅಂದ ತಿರಕಪ್ಪ. "ಗುಂಡಷ್ಟ ನಂದು. ಕೊಡ ಆಗಿದ್ದು ಮಗಳ ಕೈಯಾಗ, ಅವರವ್ವನ ತಗ್ಗಿನಿಂದ."

ನೀಲವ್ವನ ಕೊಡ ಅಲ್ಲಿ ತುಂಬೈತಿ, ನನ್ನ ಕಥಿ ಇಲ್ಲಿ ಬರಿದಾತು. ನಿಮ್ಮ ಅಟ್ಟದ ಮ್ಯಾಲೆ ಹಳೇ ಮಣ್ಣಿನ ಕೊಡ ಇದ್ರ, ಇಳಿಸಿ ಒಳಗ ಒಮ್ಮೆ ಕೈ ಹಾಕಿ ನೋಡ್ರಿ. ಈಗ ಎಲಿ ಅಡಿಕಿ ಹಾಕ್ಕೊಳ್ರಿ.