ಕೊನೆಯ ಎರಡು ಮಾತಿಗಷ್ಟೇ ಆಮೆನ್

ಈ ಸಭೆಯ ಅಧ್ಯಕ್ಷರೂ ನಮ್ಮ ಶಾಲೆಯ ಮುಖ್ಯೋಪಾಧ್ಯಾಯರೂ ಆದ ಶಾಕಿರ್ ಅವರೇ, ಬಿಸಿಲನ್ನು ಲೆಕ್ಕಿಸದೆ ಮಿನ್ಯಾದಿಂದ ಮಲ್ಲವಿಯ ತನಕ ದಯಮಾಡಿಸಿದ ಶಿಕ್ಷಣ ಕಚೇರಿಯ ಅತಿಥಿಗಳೇ, ನನ್ನ ಸಹೋದ್ಯೋಗಿಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಹಾಜಮ್ಮ ಇನ್ಶಿರಾಹ್ ಅವರೇ, ಹಿಂದಿನ ಸಾಲಿನಲ್ಲಿ ಕಲ್ಲಂಗಡಿ ಬೀಜ ಸುಲಿಯುತ್ತ ಕುಳಿತಿರುವ ವಿದ್ಯಾರ್ಥಿಗಳೇ, ಸಮಸ್ತ ಸಭಿಕರೇ,

ನಾವೆಲ್ಲರೂ ಆರಾಧಿಸುವ ಒಬ್ಬನೇ ದೇವರ ಹೆಸರಿನಲ್ಲಿ ಆರಂಭಿಸುತ್ತೇನೆ.

ಈ ಸಾಲನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ನಮ್ಮ ಈ ನೈಲ್ ನಾಡಿನಲ್ಲಿ ಕ್ರೈಸ್ತನೊಬ್ಬ ಮೈಕಿನ ಮುಂದೆ ನಿಂತರೆ ಹೀಗೇ ಶುರುಮಾಡುತ್ತಾನೆ. ಕೇಳಿದವರಿಗೆ ನೋವಿಲ್ಲ, ಹೇಳಿದವನಿಗೆ ಸುಳ್ಳಿಲ್ಲ. ಆದರೆ ಈ ಸಾಲಿಗಾಗಿ ಇದೇ ಶಾಲೆಯ ಅಧ್ಯಾಪಕರ ಕೋಣೆಯಲ್ಲಿ ಇಬ್ಬರು ತಮ್ಮ ಅರ್ಧ ಆಯುಷ್ಯ ಜಗಳವಾಡಿದರು ಎಂದರೆ ನಂಬುತ್ತೀರಾ?

ಮುಖ್ಯೋಪಾಧ್ಯಾಯರು ನಿನ್ನೆ ನನ್ನನ್ನು ಪಕ್ಕಕ್ಕೆ ಕರೆದು, "ಬಿಷಾಯ್ ಮೇಷ್ಟ್ರೇ, ಹಳೇ ನೆನಪು ನಾಲ್ಕು ಹೇಳಿ, ಮಕ್ಕಳನ್ನ ನಗಿಸಿ. ಧರ್ಮದ ವಿಷಯ ಮಾತ್ರ ಬೇಡ, ಕೈ ಮುಗಿತೀನಿ" ಎಂದರು. ನಾನು "ಆಯ್ತು ಸಾರ್" ಎಂದೆ. ಮನೆಗೆ ಹೋಗಿ ನೆನಪುಗಳನ್ನು ಹುಡುಕುತ್ತ ಕೂತೆ. ಹುಡುಕಿದಷ್ಟೂ ಅದೊಂದೇ ನೆನಪು ಬರುತ್ತದೆ, ಏನು ಮಾಡಲಿ? ಅಧ್ಯಕ್ಷರು ಮನ್ನಿಸಬೇಕು. ನಿವೃತ್ತನಾದವನನ್ನು ಇನ್ನು ವರ್ಗಾವಣೆಯಂತೂ ಮಾಡಲಾರಿರಿ.

ನಾನು ಗಣಿತದ ಮೇಷ್ಟ್ರು. ಧರ್ಮಪಾಠದ ಗಂಟೆ ಹೊಡೆದಾಗ ಏನಾಗುತ್ತದೆಂದು ಇಲ್ಲಿರುವವರಿಗೆಲ್ಲ ಗೊತ್ತು. ಮುಸ್ಲಿಂ ಮಕ್ಕಳು ತರಗತಿಯಲ್ಲೇ ಕೂರುತ್ತಾರೆ. ನಮ್ಮ ಮಕ್ಕಳು ಪುಸ್ತಕ ಎತ್ತಿಕೊಂಡು ಖಾಲಿ ಇರುವ ಜಾಗ ಹುಡುಕಿಕೊಂಡು ಹೊರಡುತ್ತಾರೆ. ಅವರಿಗೆ ಪಾಠ ಹೇಳಲು ಪ್ರತ್ಯೇಕ ಮೇಷ್ಟ್ರಿಲ್ಲ, ಯಾವ ಕ್ರೈಸ್ತ ಮೇಷ್ಟ್ರು ಕೈಗೆ ಸಿಗುತ್ತಾನೋ ಅವನೇ. ಹಾಗೆ ಸಿಕ್ಕಿದವನು ನಾನು. ಮಹಡಿ ಮೆಟ್ಟಿಲಿನ ಕೆಳಗೆ, ಮುರಿದ ಬೆಂಚುಗಳ ನಡುವೆ ನನ್ನ ದೇವಶಾಸ್ತ್ರ ನಡೆಯಿತು. ಒಮ್ಮೆ ತಂದೆ, ಮಗ, ಪವಿತ್ರಾತ್ಮ ಮೂವರೂ ಸೇರಿ ಒಬ್ಬನೇ ದೇವರು ಎಂದು ಪಾಠ ಹೇಳುತ್ತಿದ್ದಾಗ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: "ಸಾರ್, ಬೆಳಿಗ್ಗೆ ಲೆಕ್ಕದ ಕ್ಲಾಸಲ್ಲಿ ಒಂದು, ಒಂದು, ಒಂದು ಕೂಡಿದ್ರೆ ಮೂರು ಅಂದ್ರಿ. ಈಗ ಒಂದು ಅಂತೀರ. ಪರೀಕ್ಷೆಲಿ ಯಾವುದು ಬರೀಲಿ?"

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಮೆಟ್ಟಿಲ ಮೇಲೆ ಮತ್ತೊಬ್ಬರು ನಗುವುದು ಕೇಳಿಸಿತು. ಕತ್ತೆತ್ತಿ ನೋಡಿದರೆ ಅರಬ್ಬಿ ಭಾಷೆಯ ಅಬ್ದುಲ್ ಮಕ್ಸೂದ್ ಮೇಷ್ಟ್ರು. ಅಲ್‌ಅಝರ್‌ನಲ್ಲಿ ಇಸ್ಲಾಮೀ ಶಾಸ್ತ್ರ ಓದಿದವರು, ಗಡ್ಡ ಆಗಿನ್ನೂ ಕಪ್ಪಗಿತ್ತು. "ಹೇಳಯ್ಯಾ ಬಿಷಾಯ್, ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ. ಯಾವುದು ಬರೀಬೇಕು?"

ಅಂದಿನಿಂದ ಶುರುವಾಯಿತು, ಸಭಿಕರೇ.

ಕಿಟಕಿಯ ಪಕ್ಕದಲ್ಲಿ ಎರಡು ಕುರ್ಚಿ, ಕಪ್ಪು ಚಹಾ, ಅದರಲ್ಲಿ ಚಮಚ ನೆಟ್ಟಗೆ ನಿಲ್ಲುವಷ್ಟು ಸಕ್ಕರೆ. ನಾನು ನಮ್ಮ ಹಿರಿಯರು ಹೇಳಿಕೊಟ್ಟಂತೆ ಸೂರ್ಯನ ಉದಾಹರಣೆ ಕೊಟ್ಟೆ. ಬಿಂಬವಿದೆ, ಬೆಳಕಿದೆ, ಶಾಖವಿದೆ, ಸೂರ್ಯ ಮಾತ್ರ ಒಬ್ಬನೇ ಎಂದೆ. ಮಕ್ಸೂದ್ ಬೆವರೊರೆಸಿಕೊಂಡು, "ಮಲ್ಲವಿಯ ಜೂನ್ ತಿಂಗಳಲ್ಲಿ ನನಗೆ ಶಾಖ ಒಂದೇ ಗೊತ್ತು, ಮಿಕ್ಕ ಇಬ್ಬರನ್ನ ನೀನೇ ಇಟ್ಕೋ" ಎಂದರು. ನಾನು ಗಣಿತದವನಲ್ಲವೇ, ತ್ರಿಭುಜ ಬರೆದು ತೋರಿಸಿದೆ. ಮೂರು ಮೂಲೆ, ಆಕೃತಿ ಒಂದೇ. ಅವರು ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಒರೆಸಿ, "ಈಗ? ಒಂದು ಗೆರೆ ಉಳೀತು. ಮೂಲೆ ಹೋದ್ರೆ ಹೋಗಿಬಿಡೋ ದೇವರೇನಯ್ಯ ನಿಂದು?" ಎಂದರು. ನನಗೆ ಮೈ ಉರಿದುಹೋಯಿತು. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವರೇ ಚಹಾ ತಂದಿಟ್ಟು, "ಹೊಸ ಉದಾಹರಣೆ ಏನಾದ್ರೂ ಸಿಕ್ತಾ?" ಎಂದರು.

ಮೊಟ್ಟೆ, ಮಾಂಸ ಮುಟ್ಟದ ನಮ್ಮ ಉಪವಾಸದ ದಿನಗಳಲ್ಲಿ ನನ್ನೆದುರಿಗೇ ಮೊಟ್ಟೆ ಸುಲಿದು ತಿನ್ನುವಷ್ಟು ದುಷ್ಟ ಮನುಷ್ಯ. ರಮಜಾನ್ ಬಂದಾಗ ನಾನು ಎದುರಿಗೆ ನೀರನ್ನೂ ಕುಡಿಯುತ್ತಿರಲಿಲ್ಲ, ಅದಕ್ಕೂ ಬೈಯುತ್ತಿದ್ದರು. "ಹೋಗಿ ಚಹಾ ಕುಡ್ಕೊಂಡ್ ಬಾರಯ್ಯ. ಬಾಯಾರಿ ವಾದ ಮಾಡಿ ಸೋತೆ ಅಂತ ಆಮೇಲೆ ನೆಪ ಹೇಳ್ಬೇಡ."

ಒಂದು ದಿನ ಮಾತ್ರ ನಾನು ಗೆದ್ದೆ ಎಂದುಕೊಂಡಿದ್ದೆ. "ದೇವರು ಪ್ರೀತಿ ಅಂತ ನೀವೂ ಒಪ್ತೀರಲ್ಲ ಮಕ್ಸೂದ್? ಆದಿಯಲ್ಲಿ ಏನೂ ಇರಲಿಲ್ಲ. ನೆಲ ಇಲ್ಲ, ನೈಲ್ ಇಲ್ಲ, ಮನುಷ್ಯ ಇಲ್ಲ. ಆಗ ದೇವರು ಯಾರನ್ನ ಪ್ರೀತಿಸ್ತಿದ್ದ? ಅವನೊಳಗೇ ತಂದೆ ಇದ್ದಾನೆ, ಮಗ ಇದ್ದಾನೆ, ಇಬ್ಬರ ನಡುವಿನ ಉಸಿರಿದೆ. ನಮ್ಮ ದೇವರು ಒಬ್ಬನೇ, ಆದರೆ ಯಾವತ್ತೂ ಒಂಟಿಯಾಗಿರಲಿಲ್ಲ" ಎಂದೆ.

ಮಕ್ಸೂದ್ ತಮ್ಮ ಲೋಟಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿ ಕಲಕತೊಡಗಿದರು. ಗೆದ್ದೆ ಎಂದು ನಾನು ಚಹಾ ಹೀರಿದೆ. ಆಮೇಲೆ ಮೆಲ್ಲಗೆ ಹೇಳಿದರು: "ಒಂಟಿತನ ಮನುಷ್ಯರ ಕಾಯಿಲೆ ಕಣಯ್ಯಾ. ಅದನ್ನ ದೇವರಿಗೆ ಯಾಕೆ ಅಂಟಿಸ್ತೀಯ? ಜೊತೆ ಬೇಕಾಗಿರೋದು ಅವನಿಗಲ್ಲ, ನಿನಗೆ."

ಆಗ ನನಗೆ ನಗು ಬಂದಿತ್ತು. ಮನೆಯಲ್ಲಿ ದಿಮ್ಯಾನಾ ಇದ್ದಳು. ಒಲೆಯ ಮುಂದಿನಿಂದಲೇ ನನ್ನ ಜೊತೆ ಲೋಕದ ವಿಷಯವನ್ನೆಲ್ಲ ಮಾತಾಡುವ ಹೆಂಡತಿ. ನನಗೆ ಯಾವ ಜೊತೆಯ ಕೊರತೆ?

ದಿಮ್ಯಾನಾ ತೀರಿಕೊಂಡದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಶಾಲೆಯಿಂದ ಎಲ್ಲರೂ ಬಂದಿರಿ, ಪದ್ಧತಿಯಂತೆ ಸಾಂತ್ವನದ ಸಭಾಂಗಣದಲ್ಲಿ ಕೂತು ಸಕ್ಕರೆಯಿಲ್ಲದ ಕಾಫಿ ಕುಡಿದು, ಕೈ ಹಿಡಿದು ಹೋದಿರಿ. ನಾನು ಯಾರನ್ನೂ ಮರೆತಿಲ್ಲ. ಆದರೆ ಮಕ್ಸೂದ್ ಸಭಾಂಗಣಕ್ಕಲ್ಲ, ಇಗರ್ಜಿಯ ಒಳಗೇ ಬಂದರು. ನನ್ನ ಪಕ್ಕದಲ್ಲೇ ಕೂತರು. ಪಾದ್ರಿಗಳು "ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ" ಎಂದಾಗ ತುಟಿ ಬಿಗಿದುಕೊಂಡು ನೆಲ ನೋಡುತ್ತಿದ್ದರು. ನಮ್ಮಲ್ಲಿ ಅದು ಅಲ್ಲಿಗೇ ನಿಲ್ಲುವುದಿಲ್ಲವಲ್ಲ, "ಒಬ್ಬನೇ ದೇವರು" ಎಂದು ಸೇರಿಸಿಯೇ ಮುಗಿಸುವುದು. ಪಾದ್ರಿಗಳ ಬಾಯಿಂದ ಆ ಎರಡು ಮಾತು ಬಂತೋ ಇಲ್ಲವೋ, ಜನರಿಗಿಂತ ಮೊದಲು, ತರಗತಿಯಲ್ಲಿ ಪದ್ಯ ಓದಿಸುವ ಅದೇ ಗಂಟಲಿನಲ್ಲಿ ಮಕ್ಸೂದ್ "ಆಮೆನ್!" ಎಂದರು. ಇಡೀ ಇಗರ್ಜಿ ತಿರುಗಿ ನೋಡಿತು. ಪಾದ್ರಿಗಳೇ ಒಂದು ಕ್ಷಣ ಸಾಲು ಮರೆತರು. ಮಕ್ಸೂದರ ಕೈ ಮಾತ್ರ ನನ್ನ ಮೊಣಕೈಯನ್ನು ಬಿಡಲಿಲ್ಲ.

ವಾರ ಕಳೆದು ಶಾಲೆಗೆ ಬಂದಾಗ ಚಹಾ ಮುಂದಿಟ್ಟು ಹೇಳಿದರು: "ನೋಡಯ್ಯಾ, ನಾನು ಆಮೆನ್ ಅಂದಿದ್ದು ಕೊನೇ ಎರಡು ಮಾತಿಗೆ ಅಷ್ಟೆ. ಮೊದಲಿನ ಮೂರನ್ನ ನನ್ನ ತಲೆಗೆ ಕಟ್ಟಬೇಡ." ಹೆಂಡತಿ ಹೋದ ಮೇಲೆ ನಾನು ಮೊದಲ ಸಲ ನಕ್ಕದ್ದು ಆಗ.

ಕಳೆದ ಚಳಿಗಾಲದಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ನಾನು ಹೋದಾಗ ಹಾಜಮ್ಮ, ನೀವು ಅಲ್ಲೇ ಗಂಡನ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಿರಿ. ಮಕ್ಸೂದ್ ನನ್ನನ್ನು ಹತ್ತಿರ ಕರೆದರು. "ಪಾಠದ ವಾದ ಎಲ್ಲ ಬಿಡು ಬಿಷಾಯ್. ಬಾಗಿಲು ಹಾಕ್ಕೊಂಡು ಮನೇಲಿ ಒಬ್ಬನೇ ಪ್ರಾರ್ಥನೆಗೆ ಕೂರ್ತೀಯಲ್ಲ, ಆಗ ಎಷ್ಟು ಜನರ ಹತ್ರ ಮಾತಾಡ್ತೀಯ? ನಿಜ ಹೇಳು." ಅದು ಕೆಣಕುವ ದನಿಯಾಗಿರಲಿಲ್ಲ. ಅವರಿಗೆ ತಿಳಿಯಬೇಕಿತ್ತು. ನಾನು, "ಇದಕ್ಕೆ ಚಹಾ ಬೇಕು ಮಾರಾಯ್ರೇ. ಮನೆಗೆ ಬನ್ನಿ, ಹೇಳ್ತೀನಿ" ಎಂದೆ.

ಅವರು ಮನೆಗೆ ಬರಲಿಲ್ಲ. ಮಸೀದಿಯಲ್ಲಿ ಅವರ ಕೊನೆಯ ಪ್ರಾರ್ಥನೆ ನಡೆಯುವಾಗ ನಾನು ಹೊರಗೆ, ಚಪ್ಪಲಿಗಳ ಪಕ್ಕದಲ್ಲಿ ನಿಂತಿದ್ದೆ. ಒಳಗಿನ ದನಿ ಕೇಳುತ್ತಿತ್ತು. ನನಗೆ ಆಮೆನ್ ಎನ್ನಬೇಕಿತ್ತು. ಆಗಲಿಲ್ಲ.

ಸಭಿಕರೇ, ಈಗ ಅಧ್ಯಾಪಕರ ಕೋಣೆಯಲ್ಲಿ ಎಲ್ಲರೂ ನನಗೆ ಬಹಳ ಮರ್ಯಾದೆ ಕೊಡುತ್ತಾರೆ. ಹಬ್ಬಕ್ಕೆ ತಪ್ಪದೆ ಶುಭಾಶಯ ಹೇಳುತ್ತಾರೆ. ನಾನು ಬಂದರೆ ಮಾತು ಬದಲಿಸುತ್ತಾರೆ, ನನ್ನ ಮನಸ್ಸು ನೋಯಬಾರದೆಂದು. ನಿಮ್ಮ ಒಳ್ಳೆಯತನ ದೊಡ್ಡದು. ಆದರೆ ಮಕ್ಸೂದ್ ಹೋದ ಮೇಲೆ ನನ್ನ ದೇವರ ಬಗ್ಗೆ ನನ್ನನ್ನು ಯಾರೂ ಏನೂ ಕೇಳಿಲ್ಲ. ಬೈಯುವಷ್ಟು ಹತ್ತಿರದವರು ಯಾರೂ ಉಳಿದಿಲ್ಲ. ಮನೆಗೆ ಹೋದರೆ ಅಲ್ಲಿ ನಾನೊಬ್ಬನೇ. ಒಬ್ಬನೇ ಇರುವುದೆಂದರೇನು ಎಂದು ನನಗೆ ಈಗ ಚೆನ್ನಾಗಿ ಗೊತ್ತು. ದೇವರು ಹೀಗಿರಲಾರ ಎಂದು ಈಗಲೂ ನಂಬುತ್ತೇನೆ. ಆದರೆ ಮಕ್ಸೂದ್, ಕಾಯಿಲೆ ನನ್ನದೇ. ಆ ಮಾತಿನಲ್ಲಿ ನೀವು ಗೆದ್ದಿರಿ.

ಹಾಜಮ್ಮ, ನಿಮ್ಮನ್ನು ಇವತ್ತು ಬರಲೇಬೇಕೆಂದು ಕೇಳಿಕೊಂಡದ್ದು ಇದಕ್ಕೇ. ಅವರು ಕೇಳಿದ್ದಕ್ಕೆ ಉತ್ತರ ಬಾಕಿಯಿದೆ, ನೀವು ಕೇಳಿಸಿಕೊಳ್ಳಿ. ರಾತ್ರಿ ಮಂಚದ ಅಂಚಿನಲ್ಲಿ ಕೂತು ನಾನು "ಅಪ್ಪಾ" ಎಂದು ಕರೆಯುತ್ತೇನೆ. ಹಾಗೆ ಕರೆಯಲು ನನಗೆ ಕಲಿಸಿದವನೊಬ್ಬನಿದ್ದಾನೆ. ಕರೆಯಲಾಗದೆ ಹೋದಾಗ ಒಳಗಿನಿಂದ ಉಸಿರು ಕೊಡುವವನೊಬ್ಬನಿದ್ದಾನೆ. ಎಣಿಸಲು ಕೂತರೆ ಮೂರು. ಆದರೆ ನಾನು ಎಣಿಸಲು ಕೂತಿರುವುದಿಲ್ಲ ಹಾಜಮ್ಮ, ಅಳಲು ಕೂತಿರುತ್ತೇನೆ. ಆಗ ಎದುರಿಗೆ ಒಬ್ಬನೇ ಇರುತ್ತಾನೆ. ಒಂದು ಸಲವೂ ಬೇರೆ ಥರ ಅನ್ನಿಸಿಲ್ಲ. ಇದು ನಿಜ, ಅವರು ನಿಜ ಹೇಳು ಎಂದಿದ್ದರು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇನೆ. ನೀವು ಕೊಟ್ಟ ಚಹಾ ಲೋಟಗಳ ಪೆಟ್ಟಿಗೆಗೆ ಕೃತಜ್ಞತೆಗಳು. ಆರು ಲೋಟ ಒಬ್ಬನಿಗೆ ಹೆಚ್ಚಾಯಿತು. ಯಾರಾದರೂ ಬನ್ನಿ, ಮರ್ಯಾದೆಯನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬನ್ನಿ. ಆ ಹುಡುಗಿ ಕೇಳಿದ್ದನ್ನೇ ಕೇಳಿ.

ನಮ್ಮವರ ಪದ್ಧತಿಯಂತೆ ಮುಗಿಸಲು ಅಪ್ಪಣೆ ಕೊಡಿ. ಮೊದಲಿನ ಮೂರನ್ನು ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಕೊನೆಯ ಎರಡನ್ನು ಗಟ್ಟಿಯಾಗಿ ಹೇಳುತ್ತೇನೆ, ಆಗುವವರು ಜೊತೆಗೂಡಿ.

ಒಬ್ಬನೇ ದೇವರು.

... ಆಮೆನ್ ಎಂದು ನೀವೇ ಮೊದಲು ಅಂದಿರಿ ಹಾಜಮ್ಮ. ಥೇಟ್ ಅವರಷ್ಟೇ ಗಟ್ಟಿಯಾಗಿ.

ಆಮೆನ್. ನನ್ನನ್ನು ಇಷ್ಟು ವರ್ಷ ಸಹಿಸಿಕೊಂಡ ಎಲ್ಲರಿಗೂ ವಂದನೆಗಳು. ನಮಸ್ಕಾರ.