ಪಿಎಚ್‌.ಡಿ.ಗೆ ಮುಯ್ಯಾಳು

ಅಧ್ಯಕ್ಷತೆ ವಹಿಸಿರುವ ಶ್ಯಾಮಲಮ್ಮನವರೇ, ರೇಷ್ಮೆ ಇಲಾಖೆಯಿಂದ ದಯಮಾಡಿಸಿರುವ ಅಮರನಾಥ್ ಸಾರ್ ಅವರೇ, ಸಂಘದ ಅಕ್ಕತಂಗಿಯರೇ, ಬಾಗಿಲ ಹತ್ತಿರ ನಿಂತಿರುವ ಗಂಡಸರೇ, ಸಭಿಕರೇ,

ಇವತ್ತು ಸಂಕಷ್ಟಿ. ಚಂದ್ರ ಕಾಣುವ ತನಕ ನಾನು ಏನೂ ಮುಟ್ಟುವುದಿಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಹಾಲು ಡೈರಿಗೆ ಕೊಟ್ಟು, ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ, ಗಣಪತಿಗೆ ಗರಿಕೆ ಇಟ್ಟು ಬಂದಿದ್ದೇನೆ. ಮಾತು ತಡವರಿಸಿದರೆ ಹಸಿವು ಅಂದುಕೊಳ್ಳಿ, ಹೆದರಿಕೆ ಅಂದುಕೊಳ್ಳಬೇಡಿ.

ವೇಮಗಲ್ ಸುತ್ತಿನಲ್ಲಿ ಒಳ್ಳೆಯ ರೇಷ್ಮೆಗೂಡು ಬೆಳೆದವಳು ಅಂತ ಈ ಚಿಕ್ಕಗಂಗಮ್ಮನಿಗೆ ಶಾಲು ಹೊದಿಸಿದಿರಿ. ಸಂತೋಷ. ಆದರೆ ಆ ಗೂಡು ನಾನೊಬ್ಬಳೇ ಬೆಳೆದದ್ದೇ? ಅರ್ಧ ಕೆಲಸ ನನ್ನ ಸೊಸೆ ರಜನಿಯದು.

ಅವಳನ್ನು ನೀವೆಲ್ಲ ಬಲ್ಲಿರಿ. ಬೆಂಗಳೂರಿನ ವಿಶ್ವವಿದ್ಯಾಲಯದಲ್ಲಿ ನಕ್ಷತ್ರಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದವಳು. ಮದುವೆಯಾದ ಹೊಸದರಲ್ಲಿ ನಮ್ಮ ದೊಡ್ಡಮುನಿಯಮ್ಮ, "ಏಮಮ್ಮಾ, ಆಕಾಶ ನೋಡೋಕೂ ಪರೀಕ್ಷೆ ಇದೆಯಾ?" ಅಂತ ಕೇಳಿದ್ದಳು. ನನಗೂ ಅದೇ ಅನುಮಾನ ಇತ್ತು, ಬಾಯಿ ಬಿಟ್ಟಿರಲಿಲ್ಲ ಅಷ್ಟೆ.

ಒಂದು ದಿನ ಹುಳುವಿನ ತಟ್ಟೆ ಬದಲಿಸುತ್ತಾ ರಜನಿ ನನಗೆ ಹೇಳಿದಳು, "ಅತ್ತೆ, ಹುಳು ಜ್ವರಕ್ಕೆ ಕೂತಾಗ ತಿನ್ನದೆ ಸುಮ್ಮನಿದ್ದು, ಪೊರೆ ಬಿಟ್ಟು ಮತ್ತೆ ಏಳುತ್ತಲ್ಲ? ನಾನು ನೋಡೋ ನಕ್ಷತ್ರಗಳೂ ಹಾಗೇ. ಬೆಳಕು ತಗ್ಗುತ್ತೆ, ಮತ್ತೆ ಏರುತ್ತೆ. ಯಾಕೆ ಅಂತ ಹುಡುಕೋದೇ ನನ್ನ ಕೆಲಸ." ಭಗವಂತ ಮಾಡಿದ್ದನ್ನು ಇಷ್ಟು ಗಮನವಿಟ್ಟು ನೋಡುವುದು ಪೂಜೆಯಲ್ಲವೇ? ನನಗೆ ಹಾಗನ್ನಿಸಿತು.

ಹೆರಿಗೆಗೆ ನಮ್ಮಲ್ಲಿಗೇ ಬಂದಳು. ಅವಳಿಗೆ ತಾಯಿ ಇಲ್ಲ. ಬಾಣಂತನ ನಾನೇ ಮಾಡಿದೆ. ನನಗೂ ಹೆಣ್ಣುಮಕ್ಕಳಿಲ್ಲ. ಸಂಜೆ ನನ್ನ ತಲೆ ಬಾಚುವವರು ಒಬ್ಬರಾದರು. ಅದೇನು ದೊಡ್ಡ ವಿಷಯವಲ್ಲ, ಬಿಡಿ.

ಮೊನ್ನೆ ಅವಳ ಪ್ರೊಫೆಸರ್ ಫೋನ್ ಮಾಡಿದ್ದರು. ಸೋಮವಾರದೊಳಗೆ ಬರದಿದ್ದರೆ ಹೆಸರು ತೆಗೆಯುತ್ತಾರಂತೆ. ಇವಳು ಹೋಗಲ್ಲ ಅಂತಾಳೆ.

"ಹುಳು ಕೊನೇ ಜ್ವರ ಎದ್ದರೆ ಹೊತ್ತುಹೊತ್ತಿಗೂ ಸೊಪ್ಪು ಕೇಳುತ್ತೆ. ಮಗು ಬೇರೆ ಅಳುತ್ತೆ. ನೀವೊಬ್ಬರೇ ಏನ್ ಮಾಡ್ತೀರಿ ಅತ್ತೆ?"

"ನಿನ್ನ ಗಂಡ ಮುನೇಶ ಇದ್ದಾನಲ್ಲೇ?"

"ಅವರು ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದು ಮಗು ನೋಡ್ಕೋತಾರೆ. ಹುಳುಮನೆ? ರಾತ್ರಿ ನೀವು ಗೋಡೆ ಹಿಡ್ಕೊಂಡು ಏಳೋದನ್ನ ನಾನು ನೋಡಿಲ್ವಾ?"

ಅವಳು ಹೇಳಿದ್ದು ನಿಜ. ಆದ್ದರಿಂದ ಮೈಕಿನ ಮುಂದೆ ಬಂದಿದ್ದೇನೆ.

ತಾಯಂದಿರೇ, ರಾಗಿ ಕುಯ್ಲಿಗೆ ನಾವು ಮುಯ್ಯಾಳು ಕಟ್ಟುತ್ತೇವೆ. ನಿಮ್ಮ ಹೊಲಕ್ಕೆ ನಾನು, ನನ್ನ ಹೊಲಕ್ಕೆ ನೀವು. ರಾಗಿಗೆ ಕಟ್ಟುವ ಮುಯ್ಯಾಳು ಪಿಎಚ್‌.ಡಿ.ಗೆ ಯಾಕೆ ಕಟ್ಟಬಾರದು? ನನಗೆ ಇನ್ನೊಂದು ಶಾಲು ಬೇಡ, ಹಾರ ಬೇಡ. ಹುಳು ಕೊನೇ ಜ್ವರ ಎದ್ದಾಗ ದಿನಕ್ಕಿಬ್ಬರು ಬಂದು ಸೊಪ್ಪು ಹಾಕಿ. ನಾಳೆ ನಿಮ್ಮ ಮನೆಯ ಹೆಣ್ಣುಮಗು ಓದಲು ಹೊರಟಾಗ ನಾನು ಬರುತ್ತೇನೆ. ಅಲ್ಲಿಯ ತನಕ ಬೆನ್ನು ನೆಟ್ಟಗಿಡಪ್ಪಾ ಅಂತ ಗಣಪತಿಗೆ ಹೇಳಿಕೊಂಡಿದ್ದೇನೆ. ಬರುವವರು ಕೈ ಎತ್ತಿ.

ಏನೇ ದೊಡ್ಡಮುನಿಯಮ್ಮ, ಕೈ ಎತ್ತಿದ್ಯೋ, ಸೆರಗು ಸರಿಮಾಡಿಕೊಂಡ್ಯೋ? ಎತ್ತಿದ್ದೀಯಾ? ಸರಿ. ಸುನಂದಾ, ನೀನೂನಾ? ನಿನ್ನದೇ ಹುಳು ಇದೆಯಲ್ಲೇ. ಆಗಲಿ ತಾಯಿ. ಹಿಂದಿನ ಸಾಲೂ ಎತ್ತಿದೆ. ಗಂಡಸರೂ ಎತ್ತಬಹುದು, ಸೊಪ್ಪು ಕುಯ್ಯಲು ಆಳು ಬೇಕು.

ನನಗೆ ಮಾತು ಬರುತ್ತಿಲ್ಲ. ಇದು ಹಸಿವಲ್ಲ.

ಕೈ ಎತ್ತಿದವರಿಗೂ, ಇಷ್ಟು ಹೊತ್ತು ಮೈಕು ಕೊಟ್ಟ ಅಧ್ಯಕ್ಷರಿಗೂ ವಂದನೆ ಹೇಳಿ, ಎಲ್ಲರಿಗೂ ಕೈಮುಗಿಯುತ್ತೇನೆ. ನಮಸ್ಕಾರ.

ಲೇ ಪವಿತ್ರ, ನೀನು ಚಿಕ್ಕವಳು, ಓಡಿ ಹೋಗಮ್ಮ. ಮಗು ಅತ್ತಿತು ಅಂತ ರಜನಿ ಹೊರಗೆ ಹೊಂಗೆಮರದ ಕೆಳಗೆ ನಿಂತಿದ್ದಾಳೆ. ಮೈಕಿನ ಮಾತು ಅಲ್ಲಿಗೆ ಕೇಳಿರುತ್ತೆ. ಹೋಗ್ತಾಳೋ ಇಲ್ಲವೋ, ಅವಳ ಬಾಯಿಂದಲೇ ಕೇಳಿಕೊಂಡು ಬಾ. ಅಷ್ಟು ಹೊತ್ತು ನಾನು ಇಲ್ಲೇ ನಿಂತಿರ್ತೀನಿ. ಮೊದಲು ಮಗೂನ ನೀನು ಇಸ್ಕೋ. ಆಮೇಲೆ ಕೇಳು.